ಅಳಿಯನ ಟ್ರಾಲಿ

ರೋಗಿಗಳನ್ನು ಟ್ರಾಲಿಯ ಮೇಲೆ ಮಲಗಿಸಿ ಆಪರೇಷನ್ ಕೋಣೆಗೆ ತಳ್ಳುವವನಿಗೆ ಆಸ್ಪತ್ರೆಯಲ್ಲಿ ಬಿರುಗಾಳಿ ಎಂದು ಹೆಸರು ಬಿದ್ದಿತ್ತು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಅವನ ಟ್ರಾಲಿ ಹಾದರೆ ಗೋಡೆಯ ಕ್ಯಾಲೆಂಡರ್ ಒಂದು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಪ್ರಜ್ಞೆಯಿಲ್ಲದೆ ಬಂದವರೊಬ್ಬರು ಮೊದಲ ತಿರುವಿನಲ್ಲೇ ಎದ್ದು ಕೂತು, ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ್ದರು. ಕಾಲು ಮುರಿದವರೊಬ್ಬರು ಅರ್ಧ ದಾರಿಗೆ ಇಳಿದು, ಮಿಕ್ಕದ್ದನ್ನು ಕುಂಟಿಕೊಂಡೇ ಹೋಗುತ್ತೇನಪ್ಪಾ ಎಂದು ಕೈಮುಗಿದಿದ್ದರು.

ಈಗ ಅವನ ಅತ್ತೆಗೇ, ಅಂದರೆ ಹೆಂಡತಿಯ ತಾಯಿಗೇ, ಪಿತ್ತಕೋಶದಲ್ಲಿ ಕಲ್ಲು. ತೆಗೆಸದಿದ್ದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರು. ಅತ್ತೆ ಆಪರೇಷನ್ನಿಗೆ ಹೆದರಲಿಲ್ಲ.

"ಕುಯ್ಯೋರು ಕುಯ್ಲಿ. ಆದ್ರೆ ಅಳಿಯಂದ್ರು ತಳ್ಳೋದಾದ್ರೆ ನಾನು ಕಲ್ಲು ಇಟ್ಕೊಂಡೇ ಇರ್ತೀನಿ."

ಆ ಮಹಡಿಗಿದ್ದ ಟ್ರಾಲಿಯವನು ಅವನೊಬ್ಬನೇ.

"ನಮ್ಮಮ್ಮಂಗೆ ಏನಾದ್ರೂ ಆಗ್ಲಿ," ಎಂದಳು ಹೆಂಡತಿ, "ಆಮೇಲೆ ಈ ಮನೇಲಿ ಬಿರುಗಾಳಿ ಯಾರು ಅಂತ ತೋರಿಸ್ತೀನಿ."

ಅದೇ ವಾರ ಸಿಬ್ಬಂದಿಗೆ ತರಬೇತಿ ಬಂತು. ತರಬೇತಿ ಎಂದರೆ ಹಿಂದಿನ ಸಾಲಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದು ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಆದರೆ ಈ ಸಲದ ಮೇಡಂ ಪಾಠ ಮಾಡಲಿಲ್ಲ. ಅವನದೇ ಟ್ರಾಲಿ ತರಿಸಿ, "ಮಲ್ಕೊಳ್ಳಿ," ಎಂದರು. ತಳ್ಳಲು ಲಿಫ್ಟಿನವನನ್ನು ಕರೆದರು.

"ಹೆಂಗೆ ತಳ್ಳಲಿ ಮೇಡಂ?"

"ಇವರು ತಳ್ಳೋ ಹಾಗೇ."

ಲಿಫ್ಟಿನವನಿಗೆ ಅಷ್ಟು ಸಾಕಿತ್ತು. ಛಾವಣಿಯ ದೀಪಗಳು ಒಂದರ ಹಿಂದೊಂದು ಮುಖದ ಮೇಲೆ ಬೀಳುವ ಹಾಗೆ ನುಗ್ಗಿದವು. ತಿರುವಿನಲ್ಲಿ ಬಿರುಗಾಳಿ ತಿರುಗಿದ, ಅವನ ಹೊಟ್ಟೆ ಮಾತ್ರ ನೇರವಾಗಿ ಹೋಯಿತು. ಹೊಸ್ತಿಲಿಗೆ ಚಕ್ರ ಬಡಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲು ಜಾಗ ಬದಲಾಯಿಸಿಕೊಂಡವು. ಎದುರಿಗೆ ಮುಚ್ಚಿದ ಬಾಗಿಲು. ಅದನ್ನು ಟ್ರಾಲಿಯಿಂದಲೇ ಗುದ್ದಿ ತೆರೆಯುವುದು ಅವನೇ ಕಂಡುಹಿಡಿದ ವಿದ್ಯೆ. ಗುದ್ದುವ ತುದಿಯಲ್ಲಿ ರೋಗಿಯ ಕಾಲು ಇರುತ್ತದೆ ಎಂಬುದು ಈಗ ತಿಳಿಯಿತು.

ಬಾಗಿಲಾಚೆ ನರ್ಸ್ ಕೇಳಿದಳು, "ಇದು ಎಲ್ಲಿಗೆ?"

"ಇದಾ? ಮೂಲೇಲಿ ಬಿಡ್ತೀನಿ," ಎಂದ ಲಿಫ್ಟಿನವನು.

"ಇದಲ್ಲ ಕಣೋ, ನಾನು!" ಎಂದು ಬಿರುಗಾಳಿ ಕಿರುಚಿದ. ಯಾರೂ ಬಗ್ಗಿ ನೋಡಲಿಲ್ಲ.

ಮರುದಿನ ಅವನು ಚಕ್ರಗಳಿಗೆ ಎಣ್ಣೆ ಬಿಟ್ಟ. ಬಾಗಿಲನ್ನು ತನ್ನ ಬೆನ್ನಿನಿಂದ ತೆರೆಯತೊಡಗಿದ. "ಈಗ ಹೊಸ್ತಿಲು ಬರುತ್ತೆ ಅಣ್ಣಾ," "ಈಗ ತಿರುಗ್ತೀವಿ ಅಮ್ಮಾ," ಎಂದು ಮುಂಚೆಯೇ ಹೇಳುತ್ತಿದ್ದ. ರೋಗಿಗಳು ದಾರಿಯಲ್ಲೇ ಗೊರಕೆ ಹೊಡೆದರು. ಅರಿವಳಿಕೆ ಕೊಡುವ ಡಾಕ್ಟರು, ಇವನು ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾನೆ ಎಂದು ಮೇಲಿನವರಿಗೆ ದೂರು ಕೊಟ್ಟರು.

ಅತ್ತೆ ಇದನ್ನೆಲ್ಲ ನಂಬಲಿಲ್ಲ. ಆದರೆ ನೋವು ನಂಬಿಕೆಗೆ ಕಾಯಲಿಲ್ಲ. ಒಂದು ಬೆಳಗ್ಗೆ ಟ್ರಾಲಿ ಹತ್ತಿ, ಚಕ್ರದ ಸದ್ದು ಕೇಳಬಾರದೆಂದು ಕಿವಿಗೆ ಹತ್ತಿ ತುರುಕಿಕೊಂಡು, ಎರಡೂ ಕಡೆಯ ಕಂಬಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿದರು.

ಬಿರುಗಾಳಿ ತಳ್ಳಿದ. ಅತ್ತೆಗೆ ಕೇಳದಿದ್ದರೂ ಪ್ರತಿ ಹೊಸ್ತಿಲಿಗೂ ಹೇಳಿದ. ಅಂಗಿ ಬೆವರಿಗೆ ಬೆನ್ನಿಗಂಟಿತು. ಕೊನೆಗೆ ಟ್ರಾಲಿ ನಿಲ್ಲಿಸಿ ಉಸಿರು ಬಿಟ್ಟ.

ಅತ್ತೆ ಒಂದು ಕಿವಿಯ ಹತ್ತಿ ಕಿತ್ತರು, ಕಣ್ಣು ತೆರೆಯಲಿಲ್ಲ. "ಎಷ್ಟೊತ್ತು ಅಂತ ಜೀವ ಬಿಗಿ ಹಿಡ್ಕೊಂಡಿರ್ಲಿ? ಹೊರಡೋದಾದ್ರೆ ಹೊರಡಿ ಅಳಿಯಂದ್ರೇ!"

"ಬಂದಾಯ್ತು ಅತ್ತೆ. ಆಪರೇಷನ್ ಕೋಣೆ ಬಾಗಿಲಲ್ಲಿದ್ದೀವಿ."

ಅತ್ತೆ ಒಂದೇ ಕಣ್ಣು ತೆರೆದು ಬಾಗಿಲ ಮೇಲಿನ ಕೆಂಪು ದೀಪ ನೋಡಿದರು. ಕಂಬಿಯಿಂದ ಮೆಲ್ಲಗೆ ಕೈ ಬಿಡಿಸಿಕೊಂಡರು.

"ವಾಪಸ್ ಬರುವಾಗ ನಂಗೆ ಎಚ್ಚರ ಇರಲ್ವಂತೆ. ಬೇರೆ ಯಾರ ಕೈಗೂ ಕೊಡ್ಬೇಡಿ. ನೀವೇ ಇರಿ."

ಬಿರುಗಾಳಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ನರ್ಸ್ ಕಲ್ಲನ್ನು ತಂದು ತೋರಿಸಿದರೂ, ಅತ್ತೆ ಬರುವವರೆಗೆ ಅಲ್ಲಿಂದ ಅಲುಗಲಿಲ್ಲ.