ಸದ್ದು ಮಾಡದ ಬಳೆ

ಮುನಿಗಂಗಮ್ಮ ಎದುರಿಗಿದ್ದರೆ ಡಾಕ್ಟರಿರಲಿ, ದೇವರಿಗೂ ಮಾತಾಡೋಕೆ ಸರದಿ ಸಿಗೋದಿಲ್ಲ. ವಿಡಿಯೋ ಕಾಲ್ ಬರೋದಕ್ಕೆ ಮುಂಚೆಯೇ ಸೊಸೆ ಹಂಸಳ ಮುಖಕ್ಕೆ ಅರಿಶಿನ ಹಚ್ಚಿ ತೊಳೆಸಿ, ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟು, ಅಂಗಳದ ಮಲ್ಲಿಗೆ ಮುಡಿಸಿ, ಬೆಳಕು ಬೀಳಲಿ ಅಂತ ಕಿಟಕಿ ಮುಂದೆ ಕೂರಿಸಿದ್ದಳು. ನೋಡಿದವರು ಇದೇನು ಡಾಕ್ಟರಿಗೆ ತೋರಿಸೋದೋ, ಹೆಣ್ಣು ನೋಡೋ ಶಾಸ್ತ್ರವೋ ಅನ್ನಬೇಕು.

ಹಂಸಳಿಗೆ ಎಂಟು ತಿಂಗಳು ತುಂಬಿತ್ತು. ನಿನ್ನೆಯಿಂದ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಣುಕು ಮಿಣುಕು ಚುಕ್ಕೆ. ಏನೋ ಸರಿಯಿಲ್ಲ ಅಂತ ಅವಳಿಗೆ ಗೊತ್ತಾಗಿತ್ತು. ನಿನ್ನೆಯೇ ಕ್ಲಿನಿಕ್ಕಿನ ನಂಬರಿಗೆ ಮೆಸೇಜ್ ಹಾಕಿದ್ದಳು, ಯಾರೂ ನೋಡಿರಲಿಲ್ಲ. ಇಂದಿರಾನಗರದ ಆ ಕ್ಲಿನಿಕ್ಕಿನಲ್ಲಿ ನರ್ಸುಗಳಿಗೇ ಕೊರೋನಾ ಬಂದು ಬಾಗಿಲು ಹಾಕಿದ ಮೇಲೆ, ಡಾಕ್ಟರ್ ತಾಹೇರಾ ಮನೆಯಿಂದಲೇ ಫೋನಿನಲ್ಲಿ ಬಸುರಿಯರನ್ನ ನೋಡುತ್ತಿದ್ದರು. ಇವತ್ತು ಹೇಳದಿದ್ದರೆ ಮತ್ತೆ ಮುಂದಿನ ವಾರವೇ. ಅಷ್ಟರಲ್ಲಿ ಹೊಟ್ಟೆಯೊಳಗಿನ ಕೂಸು ಏನಾಗುತ್ತೋ ಅಂತ ಹಂಸಳಿಗೆ ಭಯ.

ಮುನಿಗಂಗಮ್ಮನ ದೊಡ್ಡನೆಕ್ಕುಂದಿ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾಜಿಶ್ ಕೂಡ ಬಸುರಿ, ತೋರಿಸೋದು ಅದೇ ಡಾಕ್ಟರಿಗೆ. "ನಂಗಂತೂ ಫೋನೇ ವಾಸಿ ಹಂಸಾ," ಅಂದಿದ್ದಳು ಮೊನ್ನೆ, ತಾರಸಿ ಮೇಲೆ ಬಟ್ಟೆ ಒಣಹಾಕುತ್ತಾ. "ಕೆಮ್ಮೋರ ಮಧ್ಯ ಕೂತು ಕಾಯೋದು ಬೇಡ. ಬಾಗ್ಲು ಹಾಕ್ಕೊಂಡು ಎಲ್ಲಾ ಹೇಳ್ಬಿಡ್ತೀನಿ."

"ನಿಂಗೆ ಹಾಕ್ಕೊಳ್ಳೋಕೆ ಬಾಗ್ಲಿದೆ," ಅಂದಿದ್ದಳು ಹಂಸ. ಕ್ಲಿನಿಕ್ಕಿನಲ್ಲಾದರೆ ಡಾಕ್ಟರು ಅತ್ತೆಯನ್ನ ಹೊರಗೆ ಕೂರಿಸಿ ಪರದೆ ಎಳೆಯುತ್ತಿದ್ದರು. ಆ ಪರದೆ ಹಿಂದೆ ಅವಳು ಎಷ್ಟೋ ಹೇಳಿಕೊಂಡಿದ್ದಳು, ಅತ್ತೂ ಇದ್ದಳು. ಫೋನಿಗೆ ಯಾವ ಪರದೆ ಎಳೀತೀರಿ?

ಹಾಗಂತ ಮುನಿಗಂಗಮ್ಮ ಕೆಟ್ಟವಳೇನಲ್ಲ. ಹೋದ ವರ್ಷ ಅವಳ ಗಂಡ ಮುನಿಆಂಜನಪ್ಪ ತನ್ನ ಕಾಲ ಮೇಲೇ ನಡೆದು ಆಂಬುಲೆನ್ಸ್ ಹತ್ತಿದ್ದ. ಆಸ್ಪತ್ರೆಯಿಂದ ಒಂದೇ ಒಂದು ಸಲ ವಿಡಿಯೋದಲ್ಲಿ ಬಂದು, "ಚೆನ್ನಾಗಿದೀನಿ ಗಂಗಾ, ಬಿಸಿ ಊಟ ಕೊಟ್ರು," ಅಂದ. ಮಾರನೇ ದಿನ ಹೆಣವಾದ. ಮುಖ ನೋಡೋಕೂ ಸಿಗಲಿಲ್ಲ. ಅವತ್ತಿನಿಂದ ಯಾರಾದರೂ ಆಸ್ಪತ್ರೆ ಮಾತು ಎತ್ತಿದರೆ ಎದ್ದೇ ಹೋಗುತ್ತಾಳೆ. ಮಗ ಮುನೀಂದ್ರ ಹೆಂಡತಿಗೆ ಅಂತ ತಂದ ಬಿಪಿ ಮಷೀನನ್ನೂ, 'ನೋಡಿದ್ರೆ ಇಲ್ಲದ್ದೆಲ್ಲ ಕಾಣುತ್ತೆ' ಅಂತ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಮುನೀಂದ್ರನೋ, ಅಮ್ಮನ ಮುಂದೆ ತುಟಿ ಪಿಟಕ್ ಅನ್ನೋ ಆಸಾಮಿಯಲ್ಲ.

ಫೋನ್ ಬಂತು. ತಾಹೇರಾ ದಣಿದಿದ್ದರು. "ಹೇಗಿದೀರ ಹಂಸ?"

"ಚೆನ್ನಾಗಿದಾಳೆ ಡಾಕ್ಟ್ರೇ," ಅಂದಳು ಮುನಿಗಂಗಮ್ಮ, ಸೊಸೆಯ ಹಿಂದೆ ನಿಂತು.

"ತಲೆನೋವು ಏನಾದ್ರೂ?"

"ಏನಿಲ್ಲ. ಮುಖ ನೋಡಿ, ಹೆಂಗೆ ಕಳೆಕಳೆಯಾಗಿದೆ."

"ಬಿಪಿ ನೋಡಿದ್ರಾ?"

"ನಾರ್ಮಲ್ಲೇ ಇದೆ."

ಅಯ್ಯೋ ಪುಣ್ಯಾತ್ಗಿತ್ತಿ, ಅಂದುಕೊಂಡಳು ಹಂಸ. ಹೇಳಿಬಿಡೋಣ ಅಂತ ಬಾಯಿ ತೆರೆದಳು. ಅತ್ತೆಯ ಕೈ ಅವಳ ಭುಜವನ್ನ ಮುಳುಗೋರು ಹಿಡಿದ ಹಾಗೆ ಹಿಡಿದಿತ್ತು. ತೆರೆದ ಬಾಯಿ ಮುಚ್ಚಿಕೊಂಡಳು.

"ಸರಿ, ಹಾಗಾದ್ರೆ ಮುಂದಿನ ವಾರ ಮಾಡ್ತೀನಿ," ಅಂದರು ತಾಹೇರಾ.

ಹಂಸ ಸಟ್ಟನೆ ಬಲಗೈ ಎತ್ತಿ ಫೋನಿನ ಮುಂದೆ ಅಲ್ಲಾಡಿಸಿದಳು. ಕೈ ತುಂಬ ಹಸಿರು ಗಾಜಿನ ಬಳೆ. ಈ ಸಲದ ಲಾಕ್‌ಡೌನಿಗೆ ಮುಂಚೆ ತವರಿನವರು ಬಂದು ಸೀಮಂತದಲ್ಲಿ ತೊಡಿಸಿದ್ದು, ಹೆರಿಗೆಯಾಗೋವರೆಗೂ ತೆಗೆಯೋ ಹಾಗಿಲ್ಲ. ಹಿಂದಿನ ಸಲ ಮಾತಾಡುವಾಗ ತಾಹೇರಾ, "ನಿಮ್ಮ ಬಳೆ ಗಲಾಟೇಲಿ ನಂಗೆ ಏನೂ ಕೇಳಲ್ಲ," ಅಂತ ರೇಗಿಸಿದ್ದರು. ಇವತ್ತು ಅವು ಸದ್ದೇ ಮಾಡಲಿಲ್ಲ. ಊದಿದ ಮುಂಗೈಯೊಳಗೆ ಕಚ್ಚಿಕೊಂಡು ಕೂತಿದ್ದವು.

ತಾಹೇರಾ ಫೋನಿಗೆ ಮುಖ ಹತ್ತಿರ ತಂದರು. "ಇನ್ನೊಂದ್ಸಲ ಅಲ್ಲಾಡ್ಸಿ." ಅಲ್ಲಾಡಿಸಿದಳು. "ಅಮ್ಮ, ನೀವೀಗ ಸುಮ್ನಿರ್ಬೇಕು. ಹಂಸ, ತಲೆ ನೋವಿದ್ಯಾ? ಕಣ್ಣು ಮಂಜಾಗ್ತಿದ್ಯಾ? ತಲೆ ಆಡ್ಸಿ ಸಾಕು."

ಹಂಸ ತಲೆಯಾಡಿಸಿದಳು, ಕಣ್ಣೀರು ಇಳಿಯಿತು.

"ಈಗ್ಲೇ ಹೊರಡಿ. ಹಲಸೂರಿನ ಆಸ್ಪತ್ರೆಗೆ ನಾನು ಫೋನ್ ಮಾಡಿರ್ತೀನಿ, ನಾನೂ ಬರ್ತೀನಿ. ಬಿಪಿ ಏರಿದ್ರೆ ಫಿಟ್ಸ್ ಬರ್ಬಹುದು, ತಾಯಿ ಮಗು ಇಬ್ರಿಗೂ ಅಪಾಯ. ಬಳೆ ತೆಗೀರಿ, ಬೆರಳು ಕಪ್ಪಾಗ್ತಿದೆ."

ಫೋನ್ ಇಟ್ಟ ಮೇಲೆ ಮುನಿಗಂಗಮ್ಮ ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು. "ನಾನು ಕಳ್ಸಲ್ಲ. ಒಬ್ರನ್ನ ಕಳ್ಸಿದ್ದು ಸಾಕು." ಮುನೀಂದ್ರ ಕಾರಿನ ಕೀ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

ಹಂಸ ಗೋಡೆ ಹಿಡಿದು ಅತ್ತೆಯ ಮುಂದೆ ಬಂದಳು. "ಮಾವನೂ ಮನೇಲಿ ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತಾನೇ ಜ್ವರ ಮುಚ್ಚಿಟ್ಟಿದ್ರು ಅತ್ತೆ. ಆಸ್ಪತ್ರೆಗೆ ಹೋಗಿದ್ದೇ ತಡ ಆಗಿತ್ತು. ನಂಗೆ ಚೆನ್ನಾಗಿಲ್ಲ."

ಮುನಿಗಂಗಮ್ಮ ಅವಳ ಮುಖ ನೋಡಿದಳು. ಅರಿಶಿನದ ಕೆಳಗೆ ಮುಖವೂ ಊದಿತ್ತು. ತಾನೇ ಹಚ್ಚಿದ ಅರಿಶಿನ. ಎದ್ದು ಹೋಗಿ ಸೋಪು ತಂದಳು. ಬಳೆ ಜಾರಲಿಲ್ಲ. ಕೊನೆಗೆ ಇಕ್ಕಳ ತಂದು, ಬಳೆ ಕೆಳಗೆ ಒದ್ದೆ ಬಟ್ಟೆಯ ಅಂಚು ತೂರಿಸಿ ಒಂದೊಂದನ್ನೇ ಒಡೆದಳು. ಹೋದ ವರ್ಷ ಇದೇ ನಡುಮನೆಯಲ್ಲಿ ನಾಲ್ಕು ಜನ ಹೆಂಗಸರು ಕೂಡಿ ಅವಳ ಬಳೆ ಒಡೆದಿದ್ದರು. ಪ್ರತಿ ಸಲ ಗಾಜು ಚಟ್ ಅಂದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಮುತ್ತೈದೆ ಬಳೆ ನನ್ನ ಕೈಯಿಂದ್ಲೇ ಒಡೆಸ್ತಲ್ಲಪ್ಪ ಈ ಕಾಯಿಲೆ," ಅಂತ ಅಳುತ್ತಲೇ ಕೊನೆಯದನ್ನೂ ಒಡೆದು, ಸೊಸೆಯ ರಟ್ಟೆ ಹಿಡಿದು ಕಾರಿಗೆ ಹತ್ತಿಸಿದಳು.

ಆಸ್ಪತ್ರೆ ಗೇಟಿನೊಳಗೆ ಬಿಟ್ಟಿದ್ದು ಹಂಸಳನ್ನ ಮಾತ್ರ. ಒಳಗೆ ಬಿಪಿ ನೋಡಿದ ನರ್ಸು ಓಡಿಹೋಗಿ ಡಾಕ್ಟರನ್ನ ಕರೆತಂದಳು. ಮಗುವಿನ ಎದೆಬಡಿತ ಕೇಳೋ ಮಷೀನಿನ ಪಟ್ಟಿ ಹೊಟ್ಟೆಗೆ ಕಟ್ಟಿದರು, ಕೈಗೆ ಸೂಜಿ ಚುಚ್ಚಿದರು. ಆಪರೇಶನ್ನಿಗೆ ಒಯ್ಯೋ ಮುಂಚೆ ಒಂದೇ ನಿಮಿಷ ಅಂತ ಬೇಡಿಕೊಂಡು ಹಂಸ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. ಮುನಿಗಂಗಮ್ಮನ ಅರ್ಧ ಹಣೆ, ಮಾಸ್ಕು, ಹಿಂದೆ ಆಸ್ಪತ್ರೆಯ ಗೇಟು ಕಾಣಿಸಿದವು. ಪಾಪ, ಹೆದರಿರ್ತಾರೆ ಅಂತ ಹಂಸ, "ಅತ್ತೆ, ಚೆನ್ನಾ..." ಅನ್ನೋಷ್ಟರಲ್ಲೇ ಮುನಿಗಂಗಮ್ಮ ತಡೆದಳು.

"ಚೆನ್ನಾಗಿದೀನಿ ಅಂತ ಮಾತ್ರ ಅನ್ಬೇಡ ಕಣೇ. ಇರೋದನ್ನ ಹೇಳು."

ಹಂಸಳಿಗೆ ಅಳು ತಡೆಯಲಾಗಲಿಲ್ಲ. "ಬಿಪಿ ತುಂಬಾ ಇದೆಯಂತೆ. ಈಗ್ಲೇ ಆಪರೇಶನ್ ಅಂತೆ. ಭಯ ಆಗ್ತಿದೆ ಅತ್ತೆ. ಮಗು ಎದೆಬಡಿತ ಇದೆ, ಕೇಳಿ," ಅಂತ ಫೋನನ್ನ ಪಕ್ಕದ ಮಷೀನಿಗೆ ಹಿಡಿದಳು.

ಮುನಿಗಂಗಮ್ಮ ಮಧ್ಯ ಬಾಯಿ ಹಾಕದೆ ಕೇಳಿಸಿಕೊಂಡಳು.