ಕಣ್ಣು ನಿಲ್ಲದ ಪದ

ಆ ಸಂಜೆಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದವನನ್ನು ಎಲ್ಲರೂ ಹದ್ದಣ್ಣ ಎಂದೇ ಕರೆಯುತ್ತಿದ್ದರು. ಅವನು ತಪ್ಪನ್ನು ಹುಡುಕುತ್ತಲೇ ಇರಲಿಲ್ಲ. ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗಿ, ತಪ್ಪಿದ್ದಲ್ಲಿ ತಾನಾಗಿ ಕಚ್ಚಿಕೊಂಡು ನಿಲ್ಲುತ್ತಿತ್ತು.

ಎದುರಿನ ಗೋಡೆಯ ಮೇಲೆ ಸಂಪಾದಕರು ಅಂಟಿಸಿದ ಪದಪಟ್ಟಿ ಇತ್ತು. ನಮ್ಮವರು ಬೀದಿಗಿಳಿದರೆ 'ಜನಸಾಗರ', ಕಾಲುವೆಯಾಚೆಯವರು ಇಳಿದರೆ 'ಗುಂಪು'. ನಮ್ಮ ಪ್ರಾರ್ಥನೆ 'ಭಕ್ತಿ', ಅವರದು 'ಮತಾಂಧತೆ'. ನಮ್ಮದು ಮನೆ, ಅವರದು 'ಅಡ್ಡೆ'. ಗಂಡಾಗಲಿ ಹೆಣ್ಣಾಗಲಿ, ಅವರೆಲ್ಲರಿಗೂ ಒಂದೇ ಹೆಸರು: 'ನುಸುಳುಕೋರರು'. ಮೂರು ತಲೆಮಾರಿನಿಂದ ಈ ಊರಿನ ಗೋಡೆಗಳನ್ನೆಲ್ಲ ಕಟ್ಟಿದವರು ಎಲ್ಲಿಂದ ನುಸುಳಿದರು ಎಂದು ಯಾರೂ ಕೇಳಲಿಲ್ಲ. ಹದ್ದಣ್ಣ ಮೊದಮೊದಲು ಮುಖ ಸಿಂಡರಿಸಿದ್ದ. ಆಮೇಲೆ ನಾಲಿಗೆಗೆ ಹಾಗಲವೂ ಸಪ್ಪೆಯಾಯಿತು.

ಅವತ್ತು ಬೆಳಿಗ್ಗೆ ಪುಟ ಜೋಡಿಸುವ ಎಡಚ ಬಂದು ಬಾಗಿಲಲ್ಲೇ ನಿಂತ. ಅವನ ಮನೆ ಕಾಲುವೆಯಾಚೆ. "ನೀನು ಬಿಡೋ, ನೀನು ನಮ್ಮೋನೇ" ಎಂದು ಕಚೇರಿಯವರು ಅವನ ಬೆನ್ನು ತಟ್ಟುವುದಿತ್ತು.

"ಹದ್ದಣ್ಣಾ, ನಿನ್ನೆ ಪುರಸಭೆಯವರು ನಮ್ಮ ಕೇರಿ ಮನೆ ಕೆಡವುವಾಗ ಗೋಡೆ ಬಿದ್ದು ಸತ್ತಿದ್ದು ನಮ್ಮಣ್ಣ."

ಹದ್ದಣ್ಣನ ಕೈಯ ಟೀ ಲೋಟ ಮೇಜಿಗಿಳಿಯಿತು.

"ಸುದ್ದೀಲಿ ಅವನನ್ನ ಗಾರೆ ಕೆಲಸದವ ಅಂತ ಹಾಕಿಸು. ಆ ಇನ್ನೊಂದು ಪದ ಬೇಡ. ಅಮ್ಮಂಗೆ ಅಕ್ಷರ ಬರಲ್ಲ, ನಾನೇ ಓದಿ ಹೇಳ್ಬೇಕು."

"ಸಂಪಾದಕರು ಸುಮ್ನಿರ್ತಾರೇನೋ?"

"ನಿನ್ನ ಕೆಂಪು ಪೆನ್ನು ದಾಟಿದ್ಮೇಲೆ ಅವರು ತಮ್ಮ ಫೋಟೋ ಬಿಟ್ಟು ಇನ್ನೇನು ನೋಡ್ತಾರೆ?"

ಇಬ್ಬರಿಗೂ ನಗು ಬರಲಿಲ್ಲ.

"ಆಯ್ತು ಕಣೋ, ನನಗೆ ಬಿಡು. ಹೋಗು, ಅಣ್ಣನ್ನ ಮಣ್ಣು ಮಾಡಿ ಬಾ."

ಹನ್ನೊಂದಕ್ಕೆ ಕರಡು ಬಂತು. 'ನುಸುಳುಕೋರ ಸಾವು' ಎಂಬ ತಲೆಬರಹವನ್ನು ಹದ್ದಣ್ಣ ಹೊಡೆದುಹಾಕಿ 'ಗಾರೆ ಕೆಲಸಗಾರ ಸಾವು' ಎಂದು ಬರೆದ. ಮೊದಲ ಸಾಲಿನಲ್ಲೂ ಹಾಗೇ ಮಾಡಿದ. ಕೆಲಸ ಹೋದರೂ ಹೋದೀತು. ಆದರೂ ಎಷ್ಟೋ ವರ್ಷದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಂತೆನಿಸಿತು. ಮುಂದೆ ಓದಿದ. ಎಲ್ಲೋ ಒಂದು ದೀರ್ಘ ಬಿಟ್ಟುಹೋಗಿತ್ತು, ಸೇರಿಸಿದ. ಕೊನೆಯ ಸಾಲಿಗೆ ಒಂದು ಅಲ್ಪವಿರಾಮ ಹಾಕಿ ಸಹಿ ಮಾಡಿದ.

ಎಡಚ ಕೆಲಸಕ್ಕೆ ಮರಳಿದ್ದು ಮೂರು ದಿನದ ಮೇಲೆ. ಬೈಯಲಿಲ್ಲ. "ತಲೆಬರಹ ನೋಡಿದೆ. ದೊಡ್ಡ ಮನಸ್ಸು ಮಾಡಿದೆ ಹದ್ದಣ್ಣಾ" ಎಂದ. ಆಮೇಲೆ ಜೇಬಿನಿಂದ ಮಡಿಚಿದ ಪತ್ರಿಕೆ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

'ನುಸುಳುಕೋರನಿಗೆ ತಾಯಿ, ತಮ್ಮ ಇದ್ದಾರೆ.'

ತಾಯಿಗೂ ತಮ್ಮನಿಗೂ ನಡುವೆ ಇದ್ದದ್ದು ಹದ್ದಣ್ಣನದೇ ಅಲ್ಪವಿರಾಮ.

"ಓದಿದ್ದೆ ಕಣೋ," ಎಂದ ಹದ್ದಣ್ಣ. "ನಿನ್ನಾಣೆ, ಎರಡು ಸಲ ಓದಿದ್ದೆ. ಕಣ್ಣು ನಿಲ್ಲಲಿಲ್ಲ."

"ಗೊತ್ತು. ನಂದೂ ನಿಲ್ಲಲಿಲ್ಲ." ಎಡಚ ಪತ್ರಿಕೆಯನ್ನು ಮತ್ತೆ ಹಳೆಯ ಮಡಿಕೆಗೇ ಮಡಿಚಿದ. "ಅಮ್ಮನ ಮುಂದೆ ಕೂತು ಕೊನೇವರೆಗೂ ಗಟ್ಟಿಯಾಗಿ ಓದಿದೆ. ಓದಿ ಎತ್ತಿಟ್ಟೂ ಆಗಿತ್ತು. ಅವಳು ಕಣ್ಣೊರೆಸ್ಕೊಂಡು ಕೇಳಿದ್ಲು: 'ಪಾಪ, ಅವತ್ತು ಇನ್ನೊಬ್ಬನೂ ಸತ್ತನೇನಪ್ಪಾ? ಅವನ ತಾಯಿ ಎಲ್ಲಿದ್ದಾಳೋ ವಿಚಾರಿಸು, ಹೋಗಿ ಬರೋಣ.'"