ಜಪಾನಿನ ದನ

ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಧರ್ಮೇಂದ್ರನಿಗೆ "ನಮ್ಮ ಮದಿವಿ ಆಗಂಗಿಲ್ಲ" ಎಂದು ಹೇಳಿದವಳು ಮನೀಷಾಳೇ. ಹೇಳಿಸಿದವನು ಅವಳ ಅಣ್ಣ ಗುರುಶಾಂತ. ಅವಳು ಬಸವಕಲ್ಯಾಣದಿಂದ, ಧರ್ಮೇಂದ್ರ ಘಾಟಬೋರಾಳದಿಂದ ಹುಮನಾಬಾದಿನ ಒಂದೇ ಶಾಲೆಗೆ ದಿನಾ ಪಾಠ ಮಾಡಲು ಬರುತ್ತಿದ್ದರು. ಅವನದು ಕುರಿ ಸಾಕುವ ಮನೆ. "ಕೊರಳಾಗ ಲಿಂಗ ಕಟ್ಕೊಂಡು ಕುರಿ ತಿನ್ನೋರ ಮನಿಗಿ ಹ್ಯಾಂಗ ಹೋಗ್ತಿ?" ಎಂದಿದ್ದ ಅಣ್ಣ. ಬಸವ ಜಯಂತಿಗೆ ವೇದಿಕೆ ಹತ್ತಿ ಗಂಟೆಗಟ್ಟಲೆ ಮಾತಾಡುವ ಮನುಷ್ಯ ಸುಳ್ಳು ಹೇಳಿಯಾನೇ? ಅವಳು ನಂಬಿದಳು.

ಆದರೂ ಧರ್ಮೇಂದ್ರ ಅವಳಿಗಾಗಿ ಮಾಂಸ ಬಿಟ್ಟ, ಒಂದು ವರ್ಷ ಮುಟ್ಟಲಿಲ್ಲ. "ನಾಲಗಿಗೆ ಹತ್ತಿದ ರುಚಿ ಎಲ್ಲಿ ಹೋಗ್ತದ?" ಎಂದು ಅಣ್ಣ ಅದನ್ನೂ ತಳ್ಳಿಹಾಕಿದ. ಯುಗಾದಿ ಮುಗಿದ ಮೇಲೆ ಧರ್ಮೇಂದ್ರ ಬೇಮಳಖೇಡದ ಹುಡುಗಿಯನ್ನು ಮದುವೆಯಾದ. ಮನೀಷಾ ಹೋಗಿ ಅಕ್ಷತೆ ಹಾಕಿ, ಉಣ್ಣದೆ ಬಂದಳು.

ಈಗ ಅಣ್ಣನೇ ತಂದ ಸಂಬಂಧ. ಹೈದರಾಬಾದಿನಲ್ಲಿ ಅವನೊಡನೆ ವ್ಯಾಪಾರ ಮಾಡುವ ಬಸವಕುಮಾರ, ಲಿಂಗ ಕಟ್ಟುವ ಅವರ ಮಂದಿಯವನೇ. ಬರುವ ಸೋಮವಾರ ನಿಶ್ಚಯ. ಸೀರೆ ತೆಗೆಯಲು ಅಣ್ಣ ತಂಗಿ ಹೈದರಾಬಾದಿಗೆ ಬಂದಾಗ ಆತ ಮಧ್ಯಾಹ್ನದ ಊಟಕ್ಕೆ ಕರೆದ. ಹೋಟೆಲಿನ ಹೆಸರು ಕೇಳಿ ಗುರುಶಾಂತ "ಬ್ಯಾರೆ ಕಡಿ ಹೋಗಮು" ಎಂದು ಗೊಣಗಿದ. ಆದರೆ ಬಸವಕುಮಾರ ಆಗಲೇ ಅಲ್ಲಿ ಜಾಗ ಹಿಡಿದು ಕೂತಿದ್ದ.

ಹೊಸ ನಮೂನೆಯ ಹೋಟೆಲು. ಮೇಜಿಗೆ ಬಟ್ಟೆಯಿಲ್ಲ, ಜೀನ್ಸ್ ಪ್ಯಾಂಟಿನ ಹುಡುಗ ಹುಡುಗಿಯರ ನಗೆ, ಗಾಜಿನಾಚೆ ಕೆಂಡದ ಮೇಲೆ ಏನೋ ಚುರುಗುಟ್ಟುವ ಸದ್ದು. ಮೆನು ತುಂಬ ವಾಗ್ಯು, ವಾಗ್ಯು ಎಂದಿತ್ತು. ಮಾಲೀಕರ ಮನೆತನದ ಹೆಸರಿರಬೇಕೆಂದುಕೊಂಡಳು ಮನೀಷಾ. ಅಷ್ಟರಲ್ಲಿ ವೇಟರ್ ಬಂದು ಗುರುಶಾಂತನ ಕಡೆ ಹಳೇ ಗುರುತಿನ ನಗೆ ನಕ್ಕ. ಯಾವಾಗಿನ ಮಾಂಸದ ಸ್ಟೇಕೇ ತರಲೇ, ಒಳಗೆ ಕೆಂಪಗೇ ಇರಲೇ ಎಂದು ಹಿಂದಿಯಲ್ಲಿ ಕೇಳಿದ.

ಗುರುಶಾಂತ ಮುಖ ತಗ್ಗಿಸಿ ಮೆನು ಓದತೊಡಗಿದ. ಅವನು ಇದನ್ನು ಮನೆಯಲ್ಲಿ ಮುಚ್ಚಿಟ್ಟದ್ದು ಬಸವಕುಮಾರನಿಗೆ ತಿಳಿಯದು.

"ನಿಮ್ಮಣ್ಣ ಹೇಳಿಲ್ಲೇನ್ರಿ? ಪ್ರತಿ ಶನಿವಾರ ನಾವಿಬ್ಬರೂ ಇಲ್ಲೇ ಉಣ್ಣೋದ್ರಿ. ನಿಮಗ ಪನೀರ್ ಹೇಳ್ತೀನ್ರಿ. ವಾಗ್ಯು ಅಂದ್ರ ದನದ್ದು."

ದನದ್ದು! ಮನೀಷಾಳ ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು.

"ನಮ್ಮ ಕಡಿ ದನ ಅಲ್ಲವ್ವ," ಅಣ್ಣ ತಡಬಡಿಸಿದ. "ಜಪಾನಿಂದು."

ಎಂಥಾ ಸಮಜಾಯಿಷಿ! ಅವಳು ಅಣ್ಣನ ಕಡೆ ತಿರುಗಿದಳು.

"ಹೌದಾ? ಧರ್ಮೇಂದ್ರನ ಕುರಿ ಯಾ ದೇಶದ್ದಿತ್ತಣ್ಣಾ?"

"ಧರ್ಮೇಂದ್ರ ಯಾರ್ರಿ?" ಎಂದ ಬಸವಕುಮಾರ.

ಅವಳು ಎದ್ದು ನಿಂತಳು. "ನಿಮ್ಮ ಮ್ಯಾಲ ಸಿಟ್ಟಿಲ್ರಿ. ನೀವು ಏನೂ ಮುಚ್ಚಿಟ್ಟಿಲ್ಲ. ಆದ್ರ ಇವ ತಂದ ಸಂಬಂಧ ನನಗ ಬ್ಯಾಡ್ರಿ."

ಗುರುಶಾಂತ ಬಾಗಿಲ ತನಕ ಓಡಿಬಂದು ಅವಳ ಕೈ ಹಿಡಿದ. "ಹುಚ್ಚರಂಗ ಮಾಡಬ್ಯಾಡ ಮನೀಷಾ. ತಿನ್ನೋದು ಒಂದು ನೆಪ ಇತ್ತು. ನಾ ಏನ್ ತಿಂದ್ರೂ ನಾವು ನಾವೇ. ಅವರು ಕುರಿ ಕಾಯೋ ಮಂದಿ. ಅವ್ವಗ ಮಾತ್ರ ಇದು ಹೇಳಬ್ಯಾಡ."

ಅವಳು ಕೈ ಬಿಡಿಸಿಕೊಂಡಳು. ಕಣ್ಣೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ನೀ ಲಿಂಗದ ಮಾತಂದಿ, ಅದಕ್ಕ ನಾ ಅವನ್ನ ಬಿಟ್ಟೆ. ಜಾತಿ ಮಾತಂತ ಬಿಚ್ಚಿ ಹೇಳಿದ್ರ, ಆ ದಿನಾನೇ ಅವನ ಹಿಂದ ಹೋಗ್ತಿದ್ದೆ ಅಣ್ಣಾ."